ನೆಟ್ಟಗಿದ್ದದ್ದೇ ತಪ್ಪಾಯ್ತು

ಮಂಗಳವಾರ, ಹದಿನಾಲ್ಕು.

ಹನ್ನೆರಡು ಬುಟ್ಟಿಯನ್ನೂ ವಾಪಸ್ ಹೊತ್ತು ತಂದೆ. 'ಬಡ ಕುಶಲಕರ್ಮಿಗಳಿಗೆ ನ್ಯಾಯದ ಬೆಲೆ' ಅಂತ ಬಾಗಿಲ ಮೇಲೆ ಬರೆಸಿಕೊಂಡಿರೋ ಅಂಗಡಿಯಮ್ಮ, "ಅಕ್ಕಾ, ಬಹಳ ನೀಟಾಗಿವೆ. ಗಿರಾಕಿಗಳು ಮಿಷನ್ನಿನದು ಅಂದುಕೊಳ್ತಾರೆ. ಬಡವರು ಮಾಡಿದ್ದು ಅಂತ ಗೊತ್ತಾಗೋ ಹಾಗೆ ಸ್ವಲ್ಪ ಸೊಟ್ಟಗೆ ಹೆಣೀರಿ" ಅಂದಳು.

ಬಡತನ ಇದ್ದರೆ ಕೈಯೂ ಸೊಟ್ಟಗಿರಬೇಕಾ? ಒಂದು ಸುತ್ತು ಜಾರಿದರೂ ಅವ್ವ ಇಡೀ ಬುಟ್ಟಿ ಬಿಚ್ಚಿಸ್ತಿದ್ದಳು, ಊಟಕ್ಕೂ ಏಳೋಕೆ ಬಿಡ್ತಿರಲಿಲ್ಲ. ಹಾಗೆ ಕಲಿತ ಕೈ ಇದು.

ಸಂಜೆ ಹಟಕ್ಕೆ ಬಿದ್ದು ಸೊಟ್ಟಗೆ ಹೆಣೆಯೋಕೆ ಕೂತೆ. ಮೂರನೇ ಸುತ್ತಿಗೆ ಕೈ ತಾನಾಗೇ ನೆಟ್ಟಗೆ ಮಾಡಿಬಿಡ್ತು. ಮನೆಯವರು ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು.

ಸೊಟ್ಟ ಬುಟ್ಟಿ ಬೇಕಿದ್ದರೆ ಆಯಮ್ಮನೇ ಬಂದು ಹೆಣೆಯಲಿ. ಅವಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.