ನಮ್ಮತ್ತೆ ಕುಂಬಳಕಾಯಿ ಒಡೆದದ್ದು ಆಮೇಲೆ

ವಾಹನ ವಿಮೆಯ ಪರಿಹಾರ ಅರ್ಜಿಗಳನ್ನು ಇತ್ಯರ್ಥ ಮಾಡುವ ಮಾನ್ಯ ಅಧಿಕಾರಿಗಳೇ,

ರೈಲ್ವೆ ಗೇಟು ಹಾಕಿದೆಯೆಂದು ಸುಮ್ಮನೆ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿ ನನ್ನ ಕತ್ತು ಕೆಟ್ಟು ಇವತ್ತಿಗೆ ಹದಿನಾಲ್ಕು ತಿಂಗಳಾಯಿತು. ಗುದ್ದಿದ ಕಾರಿಗೆ ವಿಮೆ ಕೊಟ್ಟವರು ನೀವು. ನಾನು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಿದ್ದಕ್ಕೆ ಆರು ತಿಂಗಳ ಹಿಂದೆ ನೀವು ಕಳಿಸಿದ ಪತ್ರದಲ್ಲಿ, ಈ ಅಪಘಾತಕ್ಕೆ ಅರ್ಧ ಕಾರಣ ನಮ್ಮತ್ತೆ ರಸ್ತೆಯ ಮೇಲೆ ಒಡೆದ ಬೂದುಗುಂಬಳಕಾಯಿ ಎಂದು ಬರೆದಿದ್ದೀರಿ. ಆ ಕಾಯಿ ಒಡೆದದ್ದು ಅಪಘಾತವಾಗಿ ಕಾಲು ಗಂಟೆಯ ಮೇಲೆ. ನನ್ನ ದೂರು ಇಷ್ಟೇ. ಬೇರೆ ಕಚೇರಿಯಾಗಿದ್ದರೆ ಪತ್ರವನ್ನು ಇಲ್ಲಿಗೇ ಮಡಚಿಟ್ಟು ತಪ್ಪು ತಿದ್ದಿಕೊಳ್ಳುತ್ತಿದ್ದರೇನೋ. ನಿಮ್ಮ ಕಚೇರಿಯ ರುಚಿ ಕಂಡಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ.

ನಿಮಗೆ ತೆಲುಗಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದೆ. ಮೂರಕ್ಕೂ ‘ತಮ್ಮ ಪತ್ರ ತಲುಪಿದೆ’ ಎಂಬ ಒಂದೇ ಉತ್ತರ ಬಂತು. ತಲುಪಿದ್ದು ನಿಜ, ಒಳಗೆ ಇಳಿಯಲಿಲ್ಲ ಅಷ್ಟೆ. ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಆಂಧ್ರದ ಗಡಿಯ ಆದೋನಿಯವಳು. ಬಜಾರದಲ್ಲಿ ತೆಲುಗು, ಬ್ಯಾಂಕಿನಲ್ಲಿ ಇಂಗ್ಲಿಷು ನಡೆಸುತ್ತೇನಾದರೂ ಜಗಳ ಮಾತ್ರ ಕನ್ನಡದಲ್ಲೇ ಆಡುತ್ತೇನೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಸಿಕ್ಕೇ ಸಿಗುತ್ತಾರೆ. ಮನೆಯಲ್ಲಿ ಕನ್ನಡ ಆಡುವ ಆಲೂರು, ಹೊಳಗುಂದದ ಕಡೆಯವರು ಒಬ್ಬರೂ ಇಲ್ಲದ ಸರ್ಕಾರಿ ಕಚೇರಿ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಹೊಳಗುಂದದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ನಾನು ಹದಿನಾರು ವರ್ಷದಿಂದ ವಿಜ್ಞಾನ ಕಲಿಸುತ್ತೇನೆ. ನಮ್ಮ ಯಜಮಾನರಾದ ಹಾಲಸ್ವಾಮಿಯವರು ಹತ್ತಿಕಾಳು, ಹಿಂಡಿಯ ವ್ಯಾಪಾರ ಮಾಡುತ್ತಾರೆ. ಅಂದು ಅಮಾವಾಸ್ಯೆ. ಉರುಕುಂದದ ಈರಣ್ಣ ದೇವರಿಗೆ ತೆಂಗಿನಕಾಯಿ ಒಡೆಸಿಕೊಂಡು ಬರೋಣವೆಂದು ಹೊರಟಿದ್ದೆವು. ಯಜಮಾನರು ಕಾರು ನಡೆಸುತ್ತಿದ್ದರು. ಹಿಂದೆ ಕೂತರೆ ತಲೆ ತಿರುಗುತ್ತದೆಂದು ಅತ್ತೆ ಅಕ್ಕನಾಗಮ್ಮನವರು ಮುಂದೆ ಕೂತಿದ್ದರು. ಹಿಂದೆ ನಾನು, ಮಡಿಲಲ್ಲಿ ನೈವೇದ್ಯದ ಡಬ್ಬಿ. ದಾರಿಯಲ್ಲಿ ಗೇಟು ಹಾಕಿತ್ತು. ಅಮಾವಾಸ್ಯೆಯ ದಿನ ಗೇಟಿನ ಪಕ್ಕ ಗೋಣಿಚೀಲ ಹಾಸಿ ದೃಷ್ಟಿಗೆಂದು ಬೂದುಗುಂಬಳ, ನಿಂಬೆಹಣ್ಣು ಮಾರುವ ಕೊಂಡಮ್ಮ ಸವತೆಕಾಯಿಯನ್ನೂ ಇಟ್ಟುಕೊಂಡಿದ್ದಳು. ನಾನು ಕಿಟಕಿಯ ಕಡೆ ಕತ್ತು ತಿರುಗಿಸಿ ಸವತೆಕಾಯಿಯ ರೇಟು ಕೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಢಂ ಎಂದಿತು. ಜಡತ್ವದ ಪಾಠವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಮಾಡಿದವಳಿಗೆ ಅಂದು ಪ್ರಯೋಗ ಸಮೇತ ಮಾಡಿ ತೋರಿಸಲಾಯಿತು. ದೇಹ ಮುಂದೆ ಹೋಯಿತು, ತಲೆ ಹಿಂದೆಯೇ ಉಳಿಯಿತು, ನಡುವೆ ಇದ್ದ ಕತ್ತು ಇಬ್ಬರ ಮಾತೂ ಕೇಳಲು ಹೋಗಿ ಕೆಟ್ಟಿತು.

ಗುದ್ದಿದ ಕಾರಿನಿಂದ ಇಳಿದವನು ಸುಂಕಣ್ಣ, ನಿಮ್ಮ ವಿಮೆ ಗ್ರಾಹಕ. “ಬ್ರೇಕು ಹಿಡದೆ ಅಕ್ಕ, ಫೋನು ನೋಡ್ತಿದ್ದೆ, ತಡಾ ಆತು,” ಎಂದು ಹತ್ತು ಜನರ ಎದುರು ಒಪ್ಪಿಕೊಂಡ. ಇಂಥ ಸತ್ಯವಂತ ಗ್ರಾಹಕ ನಿಮಗೆ ಸಿಕ್ಕದ್ದು ನಿಮ್ಮ ಪುಣ್ಯ. ಅವನ ಮಾತನ್ನು ಕಡತದಲ್ಲಿ ಬರೆದುಕೊಳ್ಳದೇ ಇದ್ದದ್ದು ನಿಮ್ಮ ಜಾಣತನ.

ಇನ್ನು ಕುಂಬಳಕಾಯಿಯ ವಿಷಯ. ನಮ್ಮ ಕಡೆ ಗಾಡಿಗೆ ಪೆಟ್ಟಾದರೆ ದೃಷ್ಟಿ ತೆಗೆಯದೆ ಅದನ್ನು ಅಲ್ಲಾಡಿಸುವುದಿಲ್ಲ. ನೀವು ನಂಬಬೇಕಾಗಿಲ್ಲ, ವಿಜ್ಞಾನದ ಟೀಚರಾಗಿ ನಾನೂ ನಂಬುವುದಿಲ್ಲ, ಆದರೆ ನಡೆದದ್ದು ಅದೇ. ಅತ್ತೆ ಸೆರಗು ಸಿಕ್ಕಿಸಿಕೊಂಡು ಇಳಿದವರೇ, “ಯಾರೂ ಗಾಡಿ ಮುಟ್ಟಬ್ಯಾಡ್ರಿ. ಮದ್ಲು ದಿಷ್ಟಿ ತಗೀತೀನಿ,” ಎಂದರು.

“ಅವ್ವಾ, ಆಕಿ ಕತ್ತು ಹಿಡಕಂಡು ಕುಂತಾಳ. ಮದ್ಲು ಆಸ್ಪತ್ರಿಗೆ ಹೋಗಾಣ,” ಎಂದರು ಯಜಮಾನರು.

“ಗೇಟು ಹಾಕೈತಿ, ಹಾರಿ ಹೋಗ್ತಿಯೇನು? ಗೂಡ್ಸು ಬರಾತನಕ ಸುಮ್ನ ನಿಂದ್ರು.”

ಯಜಮಾನರು ಗೂಡ್ಸು ಬಂತೇನೋ ಎಂದು ಹಳಿಯ ಕಡೆ ನೋಡಿದರು. ಅತ್ತೆ ಕೊಂಡಮ್ಮನ ಹತ್ತಿರ ಅವಸರದಲ್ಲಿ ಒಂದು ಕಾಯಿ, ನಾಲ್ಕು ನಿಂಬೆಹಣ್ಣು ತಗೊಂಡರು. ತೂತು ಮಾಡಿ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ನನ್ನನ್ನು ಕೂತಲ್ಲೇ ಮೂರು ಸುತ್ತು ನಿವಾಳಿಸಿದರು. ಆಮೇಲೆ ದೂರ ನಿಂತಿದ್ದ ಸುಂಕಣ್ಣನನ್ನು ಕರೆದರು. “ನೀನೂ ಬಾರಪ್ಪ ಇಲ್ಲಿ. ನಿನಗೂ ಯಾರದೋ ಕಣ್ಣು ಬಿದ್ದೈತಿ. ಇಲ್ಲಂದ್ರ ನಿಂತ ಗಾಡಿಗೆ ಯಾರಾರ ಬಂದು ಗುದ್ತಾರೇನು?” ಅವನು ಕೈಮುಗಿದು ಬಂದು ನಿಂತ. ನನ್ನ ಕತ್ತು ಕೆಡಿಸಿದವನಿಗೂ ಅದೇ ಕಾಯಿಯಿಂದ ಮೂರು ಸುತ್ತು ನಿವಾಳಿಸಿದರು ನಮ್ಮತ್ತೆ. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೊನೆಗೆ, ಬಂದ ದೃಷ್ಟಿ ಬಂದ ದಾರಿಯಲ್ಲೇ ವಾಪಸು ಹೋಗಲಿ ಎಂದು ಅವನ ಕಾರಿನ ಹಿಂದಕ್ಕೆ ಹೋಗಿ ರಸ್ತೆಯ ನಟ್ಟನಡುವೆ ಕಾಯಿ ಅಪ್ಪಳಿಸಿದರು. ಅದು ಎಂಟು ಹೋಳಾಯಿತು. ಆಮೇಲೆ ಗೂಡ್ಸು ಹೋಯಿತು, ಗೇಟು ತೆರೆಯಿತು, ಯಾರದೋ ಆಟೋದಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು.

ಮುಕ್ಕಾಲು ಗಂಟೆಯ ಮೇಲೆ ಬಂದ ಪೊಲೀಸಪ್ಪ ಕರ್ತವ್ಯನಿಷ್ಠ. ನೆಲದ ಮೇಲೆ ಕಂಡದ್ದನ್ನೆಲ್ಲ ಮಹಜರಿನಲ್ಲಿ ಬರೆದ: ಗಾಜಿನ ಚೂರು, ಹಿಂದಿನ ದೀಪದ ತುಂಡು, ಒಡೆದ ಬೂದುಗುಂಬಳಕಾಯಿ ಒಂದು, ನಿಂಬೆಹಣ್ಣು ನಾಲ್ಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆಯಲಿಲ್ಲ. ಬರೆಯಬೇಕಾದೀತು ಎಂದು ಅವನಿಗೆ ಹೇಗೆ ಹೊಳೆಯಬೇಕು? ನಿಮ್ಮಂಥವರು ಓದುತ್ತಾರೆಂದು ಅವನಿಗೇನು ಕನಸು ಬಿದ್ದಿತ್ತೇ? ಆ ಸಾಲನ್ನು ಹಿಡಿದುಕೊಂಡು ನಿಮ್ಮ ತನಿಖಾಧಿಕಾರಿಗಳು ಒಂದು ಸಿದ್ಧಾಂತ ಕಟ್ಟಿದರು. ರಸ್ತೆಯಲ್ಲಿ ಮೊದಲೇ ಕುಂಬಳಕಾಯಿ ಬಿದ್ದಿತ್ತಂತೆ. ಸುಂಕಣ್ಣನ ಟೈರು ಅದರ ಮೇಲೆ ಜಾರಿತಂತೆ. ಆದ್ದರಿಂದ ಗುದ್ದಿದ್ದು ಅರ್ಧ ಸುಂಕಣ್ಣ, ಅರ್ಧ ನಮ್ಮತ್ತೆ. ಹಾಗಾದರೆ ಅಪಘಾತ ಆಗುವುದಕ್ಕೂ ಮುಂಚೆ ಆ ಅಪಘಾತದ ದೃಷ್ಟಿ ತೆಗೆದ ಹಾಗಾಯಿತಲ್ಲ ಸ್ವಾಮಿ! ಅಷ್ಟು ಶಕ್ತಿ ನಮ್ಮತ್ತೆಗೆ ಇದ್ದಿದ್ದರೆ ನಾವು ಉರುಕುಂದಕ್ಕೆ ಯಾಕೆ ಹೋಗುತ್ತಿದ್ದೆವು? ಜನ ಆದೋನಿಗೇ ಬರುತ್ತಿದ್ದರು.

ಆ ತನಿಖಾಧಿಕಾರಿಗಳು ನಮ್ಮ ಮನೆಗೂ ಬಂದಿದ್ದರು. ಚಹಾ ಕುಡಿದರು. ಕಾಯಿ ಮೊದಲೇ ಅಲ್ಲಿ ಬಿದ್ದಿತ್ತಾ ಎಂದು ತೆಲುಗಿನಲ್ಲಿ ಕೇಳಿದರು. ಇಲ್ಲ ಎನ್ನಲು ನಾನೂ ತೆಲುಗಿನಲ್ಲೇ “ಲೇದಂಡಿ” ಎಂದೆ, ಗಟ್ಟಿಯಾಗಿಯೇ ಎಂದೆ. ಅವರ ವರದಿಯಲ್ಲಿ ಏನಿದೆ ಗೊತ್ತೇ? ‘ಅರ್ಜಿದಾರರು ಬಾಯಿಮಾತಿನಲ್ಲಿ ನಿರಾಕರಿಸಿದರೂ ತಲೆ ಅಲ್ಲಾಡಿಸಲಿಲ್ಲ. ಮುಖವನ್ನು ಕದಲಿಸದೆ ನೇರ ನೋಡುತ್ತ ಉತ್ತರಿಸಿದ್ದು ಅನುಮಾನಾಸ್ಪದ.’ ಅಯ್ಯಾ, ಗಲ್ಲದಿಂದ ಎದೆಯವರೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ! ತಲೆ ಅಲ್ಲಾಡಿಸಲು ಬರುವ ಹಾಗಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ? ಬೋರ್ಡಿನ ಮೇಲೆ ಬರೆಯುತ್ತ ಕ್ಲಾಸಿನ ಕಡೆ ನೋಡಬೇಕಾದರೆ ಈಗ ನಾನು ಇಡೀ ದೇಹವನ್ನು ತಿರುಗಿಸಬೇಕು. ಅಷ್ಟು ಹೊತ್ತಿಗೆ ಒಂಬತ್ತನೇ ತರಗತಿಯ ಹಿಂದಿನ ಬೆಂಚು ಎಲ್ಲ ಕೆಲಸ ಮುಗಿಸಿ ಸಾಧುಗಳಂತೆ ಕೂತಿರುತ್ತದೆ. ಬಸ್ಸಿನ ಕುಲುಕಾಟಕ್ಕೆ ಬೆರಳುಗಳು ಜೋಮು ಹಿಡಿಯುತ್ತವೆ. ಆಪರೇಷನ್ ಮಾಡಿಸದಿದ್ದರೆ ಚಾಕ್‌ಪೀಸ್ ಹಿಡಿಯುವುದೂ ಕಷ್ಟವಾದೀತು ಎಂದಿದ್ದಾರೆ ಡಾಕ್ಟರು. ಪರಿಹಾರ ಕೇಳಿದ್ದು ಅದಕ್ಕೆ, ಬಂಗಲೆ ಕಟ್ಟಿಸುವುದಕ್ಕಲ್ಲ.

ಇಷ್ಟರ ಮೇಲೆ, ಕಾಯಿ ಒಡೆದದ್ದು ಆಮೇಲೆ ಎಂಬುದಕ್ಕೆ ಸಾಕ್ಷಿ ನಿಮ್ಮ ಕಡತದಲ್ಲೇ ಇದೆ. ಅಂದು ಸುಂಕಣ್ಣ ವಿಮೆಗೆ ಬೇಕಾಗುತ್ತದೆಂದು ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದ. ನೀವೇ ಕಳಿಸಿದ ಪ್ರತಿಗಳಲ್ಲಿ ಆರನೆಯದನ್ನು ನೋಡಿ. ನಮ್ಮ ಕಾರಿನ ಡಿಕ್ಕಿ ಅಪ್ಪಚ್ಚಿಯಾಗಿದೆ. ಅದರ ಎದುರು ನಮ್ಮತ್ತೆ ನಿಂತಿದ್ದಾರೆ. ಅವರ ಅಂಗೈ ಮೇಲೆ ಕುಂಬಳಕಾಯಿ ಇಡಿಯಾಗಿದೆ, ಕರ್ಪೂರ ಉರಿಯುತ್ತಿದೆ. ಕಾರು ಒಡೆದಿದೆ, ಕಾಯಿ ಒಡೆದಿಲ್ಲ. ನಮ್ಮ ಶಾಲೆಯ ಆರನೇ ತರಗತಿಯವರಿಗೆ ತೋರಿಸಿದೆ. ಯಾವುದು ಮೊದಲು ಎಂದು ಎಲ್ಲರೂ ಒಂದೇ ಸಲಕ್ಕೆ ಹೇಳಿದರು. ಇದನ್ನೇ ವಕೀಲರಿಂದ ನಿಮಗೆ ಬರೆಸಿದೆ. ಅದಕ್ಕೆ ನೀವು ಕೊಟ್ಟ ಉತ್ತರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು: ‘ಛಾಯಾಚಿತ್ರದಲ್ಲಿರುವ ಕುಂಬಳಕಾಯಿಯೂ ರಸ್ತೆಯಲ್ಲಿ ಒಡೆದಿದ್ದ ಕುಂಬಳಕಾಯಿಯೂ ಒಂದೇ ಎಂಬುದಕ್ಕೆ ಸೂಕ್ತ ದಾಖಲೆ ಒದಗಿಸತಕ್ಕದ್ದು.’

ಒದಗಿಸಲು ಹೋದೆ. ಪಟ್ಟಿ ಕಟ್ಟಿಕೊಂಡೇ ಇನ್ನೊಂದು ಅಮಾವಾಸ್ಯೆಗೆ ಗೇಟಿನ ಹತ್ತಿರ ಹೋಗಿ ಕೊಂಡಮ್ಮನಿಗೆ ಅಂದಿನ ಕುಂಬಳಕಾಯಿಗೆ ಬಿಲ್ಲು ಕೊಡು ಎಂದು ಕೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಗುಮ್ಮಡಿಕಾಯಿಗೆ ಬಿಲ್ಲಾ? ನಾಳಿಗಿ ಅದಕ್ಕ ಆಧಾರ್ ಕಾರ್ಡೂ ಕೇಳ್ತಾರೇನವ್ವ? ನಾ ಬರ್ತೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ. ಢಂ ಅಂದ ಮ್ಯಾಲೇ ನಿಮ್ಮತ್ತಿ ನನ್ ತಾಕ ಕಾಯಿ ತಗಂಡಿದ್ದು. ಚೌಕಾಸಿ ಮಾಡಾಕೂ ಪುರ್ಸೊತ್ತಿಲ್ದಂಗ ತಗಂಡ್ಳು, ಅದಕ್ಕ ನೆಪ್ಪೈತಿ.” ಇಡೀ ಆದೋನಿ ಮಾರ್ಕೆಟ್ಟಿಗೆ ಗೊತ್ತು, ಅಕ್ಕನಾಗಮ್ಮ ಚೌಕಾಸಿ ಮಾಡದೆ ಕೊತ್ತಂಬರಿ ಕಟ್ಟೂ ತಗೊಂಡವರಲ್ಲ. ಇದಕ್ಕಿಂತ ದೊಡ್ಡ ದಾಖಲೆ ನಾನು ಎಲ್ಲಿಂದ ತರಲಿ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ವಾರ ನಿಮ್ಮ ತನಿಖಾಧಿಕಾರಿಗಳು ಮತ್ತೆ ಮನೆಗೆ ಬಂದರು. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ‘ಕುಂಬಳಕಾಯಿಯನ್ನು ನಮ್ಮ ಅತ್ತೆಯವರು ಮೊದಲೇ ರಸ್ತೆಯಲ್ಲಿ ಒಡೆದಿದ್ದರು’ ಎಂದು ಸಹಿ ಮಾಡಿಕೊಟ್ಟರೆ ಬರುವ ಲೋಕ ಅದಾಲತ್‌ನಲ್ಲೇ ಅರ್ಧ ಪರಿಹಾರ, ಆಪರೇಷನ್ನಿಗೆ ಸಾಕಾಗುತ್ತದೆ. ಇಲ್ಲವೆಂದರೆ ಕೇಸು ಇನ್ನೂ ನಾಲ್ಕು ವರ್ಷ ಎಳೆಯುತ್ತದೆ ಎಂದರು. ನಾನು ಪೆನ್ನು ಮುಟ್ಟಲಿಲ್ಲ. ಅವರು ತೆಲುಗು ಬಿಟ್ಟು ಕನ್ನಡಕ್ಕಿಳಿದು, ದನಿ ತಗ್ಗಿಸಿ ನಕ್ಕರು: “ಅತ್ತಿ ಮ್ಯಾಲೆ ಸೊಸಿ ಬರದುಕೊಡಾದೇನು ದೊಡ್ಡ ಮಾತು ಮೇಡಂ? ಒಳಗೊಳಗ ಖುಷಿನೇ ಅಲ್ಲೇನ್ರಿ?”

ಮಾನ್ಯರೇ, ನಮ್ಮತ್ತೆಗೂ ನನಗೂ ಇಪ್ಪತ್ತೆರಡು ವರ್ಷದ ಜಗಳವಿದೆ. ಆಕೆಯ ಟೀವಿಯ ಸದ್ದು, ನನ್ನ ಸಾರಿನ ಉಪ್ಪು, ನನ್ನ ತವರು, ಆಕೆಯ ತಂಗಿ, ಎಲ್ಲದರ ಮೇಲೂ ಆಗಿದೆ. ಆಕೆಯ ಬಗ್ಗೆ ನಿಜ ದೂರುಗಳೇ ನನ್ನ ಹತ್ತಿರ ಒಂದು ನೋಟುಬುಕ್ಕಿನಷ್ಟಿವೆ. ನಿಮ್ಮಿಂದ ಸುಳ್ಳು ದೂರು ಸಾಲ ತರುವ ಗತಿ ನನಗಿನ್ನೂ ಬಂದಿಲ್ಲ.

ಆದರೆ ನಿಮ್ಮವರು ಆ ಹಾಳೆಯನ್ನು ಗಟ್ಟಿಯಾಗಿ ಓದಿದ್ದರು. ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿತ್ತು. ನಿಮ್ಮವರು ಹೋದ ಮೇಲೆ ಅತ್ತೆ ಬಾಗಿಲ ಹತ್ತಿರ ಬಂದು ನಿಂತರು. “ಸರಕಾರದ ಕಾಗದ ಅಂತಾರ. ಅದ್ರಾಗ ಬರದಾರಂದ್ರ ಖರೇನೇ ಇರಬೇಕಲ್ಲೇನು? ನನಗ ವಯಸ್ಸಾತು ನಾಗಜ್ಯೋತಿ, ನೆಪ್ಪು ಹಿಂದಮುಂದ ಆಗೈತೇನೋ. ನನ್ ಕಾಯಿಂದ್ಲೇ ನಿನ್ ಕತ್ತು ಹೋತೇನವ್ವ?” ಎಂದು ಕೇಳಿದರು. ನಾನು ಅಲ್ಲ ಎಂದೆ. ಹತ್ತು ಸಲ ಅಲ್ಲ ಎಂದೆ. ತಲೆ ಅಲ್ಲಾಡಿಸಿ ಹೇಳಲು ಬರಲಿಲ್ಲವಲ್ಲ, ಆಕೆಗೂ ನಂಬಿಕೆ ಬರಲಿಲ್ಲವೋ ಏನೋ. ಮರುದಿನ ನನ್ನ ಮಗಳು ಗಂಗೋತ್ರಿ ಇಂಟರ್‌ನಲ್ಲಿ, ಅಂದರೆ ಪಿಯುಸಿಯಲ್ಲಿ, ಕಾಲೇಜಿಗೇ ಮೊದಲು ಬಂದಳು. ಇಷ್ಟು ಹೊತ್ತಿಗೆ ಅಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ಓಡಿಬರಬೇಕಿತ್ತು. ಹುಡುಗಿ ತಾನೇ ಹೋಗಿ ಎದುರು ಕೂತಳು. “ನನ್ ಕೈ ಚಲೋ ಇಲ್ಲ, ನಿಮ್ಮವ್ವನ ಕಡೆ ತಗಸ್ಕ,” ಎಂದು ಅತ್ತೆ ಎದ್ದು ಹೋದರು. ನನಗೆ ಅಳು ಬಂತು. ಈ ಮನೆಯಲ್ಲಿ ಹುಟ್ಟಿದ ಕೂಸಿನಿಂದ ಹಿಡಿದು ಹೊಸ ಮಿಕ್ಸಿಯವರೆಗೆ ಎಲ್ಲದರ ದೃಷ್ಟಿ ತೆಗೆದ ಕೈ ಅದು. ಗುದ್ದಿದವನನ್ನೂ ಕರೆದು ನಿವಾಳಿಸಿದ ಕೈ. ಅದನ್ನು ನೀವು ಒಂದು ಟೈಪು ಹಾಳೆಯಿಂದ ಕಟ್ಟಿಹಾಕಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಪರಿಹಾರವನ್ನು ನ್ಯಾಯಮಂಡಳಿಯಲ್ಲಿ ನಾಲ್ಕು ವರ್ಷವಾದರೂ ಗುದ್ದಾಡಿ ತಗೊಳ್ಳುತ್ತೇನೆ, ಚಾಕ್‌ಪೀಸನ್ನು ಎಡಗೈಯಲ್ಲಾದರೂ ಹಿಡಿಯುತ್ತೇನೆ. ಆ ಒಂದು ಸಾಲನ್ನು ಮಾತ್ರ ತಕ್ಷಣ ಹೊಡೆದುಹಾಕಿ. ಹೊಡೆದುಹಾಕಿದ ಹಾಳೆಯನ್ನು ಅಂಚೆಯಲ್ಲಿ ಕಳಿಸಬೇಡಿ. ಅದೇ ತನಿಖಾಧಿಕಾರಿಗಳು ಅದೇ ಕುರ್ಚಿಯಲ್ಲಿ ಕೂತು, ಅದೇ ದನಿಯಲ್ಲಿ, ‘ಅಕ್ಕನಾಗಮ್ಮನವರು ಕಾಯಿ ಒಡೆದದ್ದು ಆಮೇಲೆ’ ಎಂದು ಆಕೆಗೆ ಓದಿ ಹೇಳಬೇಕು. ಸರ್ಕಾರದ ಸೀಲು ಇರಲಿ, ಆಕೆ ಸೀಲು ನೋಡುತ್ತಾರೆ. ಚಹಾ ನಾನೇ ಮಾಡಿಕೊಡುತ್ತೇನೆ. ಓದಿದ್ದು ಆಕೆಗೆ ನಂಬಿಕೆಯಾದರೆ ಅವರು ಹೊರಡುವ ಮುಂಚೆ ಸ್ವಲ್ಪ ತಡೆಯಲಿ. ಅಷ್ಟು ದೂರದಿಂದ ಬಂದವರಿಗೆ ಯಾರ ಕಣ್ಣು ಬಿದ್ದಿದೆಯೋ ಎಂದು ನಮ್ಮತ್ತೆ ಅವರಿಗೂ ಮೂರು ಸುತ್ತು ನಿವಾಳಿಸಿಯೇ ಕಳಿಸುತ್ತಾರೆ.

ಇಂತಿ,
ತಲೆ ಅಲ್ಲಾಡಿಸಲು ಬಾರದ ಕಾರಣ, ನಿಮ್ಮ ಹಾಳೆಗೆ ‘ಇಲ್ಲ’ ಎಂದು ಬರೆದೇ ತಿಳಿಸುತ್ತಿರುವ,
ಅಕ್ಕನಾಗಮ್ಮನವರ ಸೊಸೆ
ನಾಗಜ್ಯೋತಿ, ಆದೋನಿ