ಬೇಡ ಅಂದರೆ ಬೇಡ

ಅವ್ವ,

ಇವತ್ತು ಕಾರ್ಖಾನೆಯಿಂದ ಮನೆ ಸೇರುವಷ್ಟರಲ್ಲಿ ಸಾಕುಸಾಕಾಗಿ ಹೋಯಿತು. ಕಡಕೊಳದಿಂದ ಬಸ್ಸಿನಲ್ಲಿ ನಿಂತೇ ಬಂದೆ. ಜರ್ಮನಿಗೆ ತರಬೇತಿಗೆ ಹೊರಟಿರುವ ಹೊಸಬರಿಗೆ, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಒಂದು ವರ್ಷ ಅಲ್ಲಿದ್ದು ಬಂದವಳಲ್ಲವೇ. ‘ಹೊತ್ತಿಗೆ ಸರಿಯಾಗಿ ಹೋಗಿ, ಮುಖ ನೋಡಿ ಮಾತಾಡಿ’ ಅಂತ ಇಷ್ಟೆಲ್ಲ ಸಲೀಸಾಗಿ ಹೇಳಿದೆ. ‘ಬೇಡ’ ಅನ್ನುವ ವಿಷಯಕ್ಕೆ ಬಂದೆ ನೋಡು, ನೀನೇ ಕಣ್ಣಮುಂದೆ ಬಂದೆ.

ಚಿಕ್ಕವಳಿದ್ದಾಗ ಪಕ್ಕದ ಮನೆಯವರು ಊಟಕ್ಕೆ ಕರೆದರೆ ನೀನು ಕಣ್ಣಲ್ಲೇ ಗದರುತ್ತಿದ್ದೆ. ‘ಕರೆದ್ ತಕ್ಷಣ ಕೂತ್ಕಬುಟ್ರೆ ಅಟ್ಟೀಲಿ ಉಣ್ಣಕ್ಕೇನೂ ಇಲ್ವಾ ಅಂತಾರೆ ಕಣ್ ಮಗಾ. ಎರಡ್ ಸಲ ಬ್ಯಾಡ ಅನ್ನು, ಮೂರ್ನೇ ಸಲ ಕೂತ್ಕೊ.’ ಆ ಬುದ್ಧಿಯನ್ನೇ ಹೊತ್ತುಕೊಂಡು ಜರ್ಮನಿಗೆ ಹೋದೆ. ಮೊದಲ ದಿನ ಅಲ್ಲಿನ ಮೇಲ್ವಿಚಾರಕ, ಕಾಫಿ ಬೇಕಾ ಅಂದ. ಬೇಡ ಅಂದೆ. ಸರಿ ಅಂತ ತನಗೊಬ್ಬನಿಗೇ ಬಗ್ಗಿಸಿಕೊಂಡ. ಸಂಜೆತನಕ ತಲೆನೋವು. ಫೋನಲ್ಲಿ ಹೇಳಿದಾಗ ನೀನು ಎಷ್ಟು ನಕ್ಕಿದ್ದೆ...

ಒಂದು ದಿನ ಅವನನ್ನೇ ಕೇಳಿದೆ, ಇನ್ನೊಂದು ಸಲ ಕೇಳಬಾರದಾ ಅಂತ. ‘ನೀವು ಹೇಳಿದ್ದನ್ನು ನಂಬದಿದ್ದರೆ ಅದು ನಿಮಗೆ ಮರ್ಯಾದೆಯಾ?’ ಅಂದ. ಅದೂ ನಿಜ ಅನ್ನಿಸಿತು. ಬರಬರುತ್ತಾ ನನಗೂ ಅದೇ ರೂಢಿಯಾಯಿತು. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ಜೀವಕ್ಕೆ ಎಷ್ಟು ಹಗುರ ಗೊತ್ತಾ?

ನಿನ್ನನ್ನು ಆಸ್ಪತ್ರೆಗೆ ಸೇರಿಸಿದ್ದು ಆಗಲೇ. ಫೋನ್ ಮಾಡಿ, ‘ಬರ್ಲಾ ಅವ್ವ?’ ಅಂತ ಕೇಳಿದೆ. ‘ಬ್ಯಾಡ ಕಣ್ ಮಗಾ, ಕೆಲ್ಸ ನೋಡ್ಕೊ. ನಂಗೇನಾಗದೆ?’ ಅಂದೆ ನೀನು. ಸರಿ ಅಂತ ಇಟ್ಟುಬಿಟ್ಟೆ. ಮಾರನೆಯ ದಿನವೂ ಮಾತಾಡಿದೆವು. ನಾನು ಮತ್ತೆ ಕೇಳಲಿಲ್ಲ, ನೀನೂ ಆ ಮಾತು ಎತ್ತಲಿಲ್ಲ. ಆಮೇಲೆ ತಮ್ಮನ ಫೋನ್ ಬಂತು. ನಾನು ಅಶೋಕಪುರಂನ ನಮ್ಮ ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅದು ಯಾವ ‘ಬೇಡ’ ಅವ್ವ? ಇನ್ನೊಂದು ಸಲ ಕೇಳಲಿ ಅಂತ ಕಾದಿದ್ದೆಯಾ, ಇಲ್ಲ ನಿಜವಾಗಿಯೂ... ಈಗ ಯಾರನ್ನು ಕೇಳಲಿ? ನಿನ್ನ ಮೇಲೆ ಸಿಟ್ಟೂ ಬರುತ್ತದೆ. ಬಾ ಅಂತ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಕೊನೆಗೆ ಆ ಹೊಸಬರಿಗೆ ಹೇಳಿದೆ. ‘ಅಲ್ಲಿ ಯಾರಾದ್ರೂ ಬೇಡ ಅಂದ್ರೆ ನಂಬಿ, ಮತ್ತೆ ಕೇಳಕ್ ಹೋಗ್ಬೇಡಿ. ಊರಿಂದ ಅವ್ವ ಬರಬೇಡ ಅಂದ್ರೆ ಮಾತ್ರ ನಂಬಬೇಡಿ. ರಜಾ ಹಾಕಿ ಬಂದ್ಬುಡಿ.’

ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು. ಅವರ ಅವ್ವಂದಿರು ಇನ್ನೂ ಇದ್ದಾರಲ್ಲ, ನಗಲಿ ಬಿಡು.