ಬಲಗಿವಿಗೆ ಒಂದು ಜಾಗ

ಹುಯಿಆನ್, ನವೆಂಬರ್ ೧೨

ಶೆನ್ ಮೇಡಂ ಅವರಿಗೆ,

ನನ್ನ ಮಗಳು ರುವೋಲಾನಳ ಇಂಗ್ಲಿಷ್ ಪರೀಕ್ಷೆಯ ಹಾಳೆಯ ಮೇಲೆ ನೀವು, 'ಓದಿ ಬರೆಯುವುದರಲ್ಲಿ ಪೂರ್ತಿ ಅಂಕ, ಕೇಳಿ ಬರೆಯುವುದರಲ್ಲಿ ಅರ್ಧ. ಗಮನವಿಲ್ಲ' ಎಂದು ಬರೆದಿದ್ದೀರಿ. ಗಮನ ಇದೆ ಮೇಡಂ, ಎಡಗಿವಿ ಕೇಳಿಸುವುದಿಲ್ಲ. ನಮಗೂ ಮೊನ್ನೆಯೇ ತಿಳಿದದ್ದು. ಡಾಕ್ಟರ ಚೀಟಿ ಇದರ ಜೊತೆಗಿದೆ.

ನಿಮ್ಮ ತರಗತಿಯಲ್ಲಿ ಅಂಕ ನೋಡಿ ಮಕ್ಕಳನ್ನು ಕೂರಿಸುತ್ತೀರಿ. ಅಂಕ ಇಳಿದಂತೆಲ್ಲ ಅವಳು ಹಿಂದಿನ ಸಾಲಿಗೆ ಹೋಗುತ್ತಾಳೆ, ಕೇಳಿ ಬರೆಯುವ ಪಾಠ ಹಾಕುವ ಗೋಡೆಯ ಸ್ಪೀಕರು ಇನ್ನೂ ದೂರವಾಗುತ್ತದೆ. ದಯವಿಟ್ಟು ಸ್ಪೀಕರಿನ ಕಡೆಗೆ ಬಲಗಿವಿ ಬರುವಂತೆ ಮುಂದೆ ಕೂರಿಸಿ. "ಕೇಳಿ ಬರೆಯೋ ಭಾಗ ಬಿಟ್ಟು ಬರೆಯೋಕೆ ಅರ್ಜಿ ಹಾಕೋಣ್ವೇನೇ?" ಎಂದು ಅವಳನ್ನು ಕೇಳಿದೆ. "ಬೇಡಪ್ಪ, ಇನ್ನೊಂದು ಕಿವಿ ಇದ್ಯಲ್ಲ" ಎಂದಳು.

ನಾನು ಕಲ್ಲು ಕೊಯ್ಯುವವನು. ಹತ್ತು ವರ್ಷ ಅವಳು ಮನೆಯಂಗಳದಲ್ಲಿ ನನ್ನ ಯಂತ್ರದ ಪಕ್ಕದಲ್ಲೇ ಕೂತು ಓದಿದ್ದಾಳೆ. ಯಂತ್ರ ಅವಳ ಎಡಕ್ಕಿತ್ತು. "ಸದ್ದು ಜಾಸ್ತಿ ಆಯ್ತೇನೇ?" ಎಂದರೆ, "ಇಲ್ಲಪ್ಪ, ನೀನು ಕೆಲಸ ಮಾಡು" ಎನ್ನುತ್ತಿದ್ದಳು.

ಕಾಲೇಜು ಸೇರಲು ಬರೆಯುವ ಜೂನಿನ ದೊಡ್ಡ ಪರೀಕ್ಷೆಯಲ್ಲಿ ಇಂಗ್ಲಿಷ್ ಧ್ವನಿಮುದ್ರಿಕೆ ಹಾಕಿದಾಗ, ಮಕ್ಕಳಿಗೆ ಕೇಳಿಸಲೆಂದು ಊರಿನ ಯಂತ್ರಗಳೆಲ್ಲ ನಿಲ್ಲುತ್ತವೆ, ಲಾರಿಯವರೂ ಹಾರ್ನ್ ಹಾಕುವುದಿಲ್ಲ. ನಾನು ನನ್ನ ಯಂತ್ರವನ್ನು ಇವತ್ತೇ ನಿಲ್ಲಿಸಿ ಈ ಪತ್ರ ಬರೆಯಲು ಕೂತೆ.

ಮೊನ್ನೆಯಿಂದ ಒಳಗಿನ ಕೋಣೆಯಲ್ಲಿ ಓದುತ್ತಿರುವವಳು ಪುಸ್ತಕ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. "ಏನಾಯ್ತಪ್ಪ, ಕರೆಂಟ್ ಹೋಯ್ತಾ?"

ರುವೋಲಾನಳ ತಂದೆ,
ಡಿಂಗ್ ಗ್ವಾಂಗ್‌ಫು